ಹನ್ನೊಂದು ಹೆಸರುಗಳ ಪಟ್ಟಿ

ಗದ್ದೆ ಕೊಯ್ಲು ಮುಗಿದು ಹುಲ್ಲು ಮನೆ ಸೇರಿದ ಮೇಲೆ ನಮ್ಮೂರಿನ ಗದ್ದೆಬಯಲಿಗೆ ಎರಡು ಮೂರು ತಿಂಗಳ ಮಟ್ಟಿಗೆ ಬೇರೆ ಹೆಸರು ಬರುತ್ತದೆ. ಎಲ್ಲರೂ ಅದನ್ನು ‘ಗ್ರೌಂಡು’ ಎನ್ನುತ್ತಾರೆ. ಭತ್ತದ ಕೂಳೆಯನ್ನು ಕತ್ತಿಯಲ್ಲಿ ಸವರಿ, ನಡುವಿನ ಇಪ್ಪತ್ತೆರಡು ಗಜಕ್ಕೆ ನೀರು ಹೊಡೆದು, ಗುದ್ದಿ ಗಟ್ಟಿ ಮಾಡಿ, ಸುಣ್ಣದಲ್ಲಿ ಗೆರೆ ಎಳೆದರೆ ಆಯಿತು. ಕೊಪ್ಪದಿಂದ ಹರಿಹರಪುರದ ಮೇಲೆ ಶೃಂಗೇರಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ಊರು ನಮ್ಮದು. ಆ ಗೆರೆ ಎಳೆಯುವ ಕೆಲಸವನ್ನು ನಾನು ಕಂಡಾಗಿನಿಂದ ಮಾಡುತ್ತ ಬಂದವರು ನನ್ನ ಚಿಕ್ಕಪ್ಪ. ತಂಡ ಕಟ್ಟಿದವರು ಅವರು, ಕ್ಯಾಪ್ಟನ್ ಅವರು, ಬ್ಯಾಟು ಸ್ಟಂಪು ಗ್ಲೌಸುಗಳಿದ್ದ ಕಿಟ್ ಬ್ಯಾಗು ಇರುತ್ತಿದ್ದದ್ದೂ ಅವರ ಮನೆಯ ಅಟ್ಟದಲ್ಲಿ. ಟೆನ್ನಿಸ್ ಬಾಲಿನ ಕ್ರಿಕೆಟ್ಟು, ಐದಾರು ಓವರಿನ ಆಟ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ತಾಲೂಕಿನ ಪಂದ್ಯಾವಳಿಗಳೇ ನಮ್ಮ ಪಾಲಿನ ವಿಶ್ವಕಪ್ಪು.

ಈಗ ಇದನ್ನು ಬರೆಯಲು ಒಂದು ಕಾರಣವಿದೆ. ನನ್ನ ಪಿಎಚ್‌ಡಿ ಮಾರ್ಗದರ್ಶಕರು ಇನ್ನು ಕೆಲವೇ ತಿಂಗಳಲ್ಲಿ ನಿವೃತ್ತರಾಗುತ್ತಾರೆ. ಅಭಿನಂದನಾ ಗ್ರಂಥಕ್ಕೆ ಒಂದು ಲೇಖನ ಕೊಡು ಎಂದು ಹಿರಿಯ ವಿದ್ಯಾರ್ಥಿಗಳು ನನಗೂ ಹೇಳಿದ್ದಾರೆ. ಬರೆಯಲು ಕುಳಿತಾಗಲೆಲ್ಲ ಸರ್ ಬದಲು ಚಿಕ್ಕಪ್ಪ ನೆನಪಾಗುತ್ತಾರೆ. ನಮ್ಮಲ್ಲಿ ಸರ್ಕಾರಿ ನೌಕರನಿಗೆ ಅರವತ್ತು, ವಿಶ್ವವಿದ್ಯಾಲಯದ ಮೇಷ್ಟ್ರಿಗೆ ಅರವತ್ತೆರಡು. ಕೆಲಸಕ್ಕೆ ಸೇರಿದ ದಿನವೇ ಹೊರಡುವ ದಿನವೂ ಬರೆದಾಗಿರುತ್ತದೆ. ಹಾರ, ಶಾಲು, ಹಣ್ಣಿನ ಬುಟ್ಟಿ, ಗ್ರೂಪ್ ಫೋಟೋ. ಸೇವಾ ಪುಸ್ತಕವೇ ‘ಸಾಕು’ ಎನ್ನುವುದರಿಂದ ಬೇರೆ ಯಾರೂ ಅದನ್ನು ಹೇಳಬೇಕಾಗುವುದಿಲ್ಲ. ಆಟಗಾರನಿಗೆ ಆ ಪುಸ್ತಕವಿಲ್ಲ. ಒಂದೋ ಅವನೇ ಹೇಳಬೇಕು, ಇಲ್ಲವೇ ಅವನ ಹೆಸರಿಲ್ಲದ ಪಟ್ಟಿ ಹೇಳಬೇಕು.

ಚಿಕ್ಕಪ್ಪ ರಾಹುಲ್ ದ್ರಾವಿಡ್‌ಗಿಂತ ಒಂದು ವರ್ಷ ಚಿಕ್ಕವರು. ಅದನ್ನು ಎಲ್ಲರಿಗೂ ಹೇಳುತ್ತಿದ್ದರು, ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರ ಹಾಗೆ. 2012ರ ಮಾರ್ಚ್ 9ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ದ್ರಾವಿಡ್ ನಿವೃತ್ತಿ ಘೋಷಿಸಿದಾಗ ನನಗೆ ಹದಿನೈದು. ಚಿಕ್ಕಪ್ಪ ತೋಟದಿಂದ ಬಂದವರು ಕೈಕಾಲು ಸಹ ತೊಳೆಯದೆ ಟಿವಿ ಮುಂದೆ ನಿಂತಿದ್ದರು. ಹಿಂದಿನ ಬೇಸಿಗೆಯಲ್ಲಷ್ಟೇ ಇಂಗ್ಲೆಂಡಿನ ಟೆಸ್ಟ್ ಸರಣಿಯಲ್ಲಿ ಮೂರು ಶತಕ ಹೊಡೆದಿದ್ದ ಮನುಷ್ಯ. ಆದರೆ ಅದಾದ ಮೇಲಿನ ಆಸ್ಟ್ರೇಲಿಯಾ ಪ್ರವಾಸದಲ್ಲಿ ಮತ್ತೆ ಮತ್ತೆ ಬೌಲ್ಡ್ ಆದರು. ‘ಗೋಡೆ’ ಎಂದು ಹೆಸರಾದವನ ಬ್ಯಾಟಿಗೂ ಪ್ಯಾಡಿಗೂ ನಡುವೆ ಚೆಂಡು ನುಸುಳುವುದನ್ನು ನೋಡಿ ಚಿಕ್ಕಪ್ಪ ಆ ಚಳಿಗಾಲದ ಬೆಳಗಿನ ಜಾವಗಳಲ್ಲಿ ಒಬ್ಬರೇ ಬೈದುಕೊಳ್ಳುತ್ತಿದ್ದರು. ಪತ್ರಿಕಾಗೋಷ್ಠಿಯಲ್ಲಿ ದ್ರಾವಿಡ್ ಪಕ್ಕ ಕುಂಬ್ಳೆ ಕುಳಿತಿದ್ದರು, ಆಗ ಅವರು ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರು. ಎಲ್ಲ ಮುಗಿದ ಮೇಲೆ ಚಿಕ್ಕಪ್ಪ ಹೇಳಿದ್ದು ಒಂದೇ ಮಾತು: “ಯಾರೂ ಹೇಳೋ ಮೊದಲೇ ಹೇಳಿದ ನೋಡು.”

ಕುಂಬ್ಳೆಯದು ಇನ್ನೊಂದು ಥರ. 2008ರ ದೆಹಲಿ ಟೆಸ್ಟಿನಲ್ಲಿ ಎಡಗೈ ಕಿರುಬೆರಳು ಸೀಳಿ ಹನ್ನೊಂದು ಹೊಲಿಗೆ ಬಿದ್ದಿತ್ತು. ಆ ಕೈಯಲ್ಲೇ ಮರಳಿ ಬಂದು ಬೌಲ್ ಮಾಡಿದರು. ಹಿಂದಕ್ಕೆ ಓಡಿ ತಾವೇ ಕ್ಯಾಚ್ ಹಿಡಿದು ಮಿಚೆಲ್ ಜಾನ್ಸನ್‌ನನ್ನು ಔಟ್ ಮಾಡಿದರು. ಅದು ಅವರ 619ನೆಯ ವಿಕೆಟ್, ಕೊನೆಯದೂ ಹೌದು. ಭಾರತ ತಂಡದ ಕ್ಯಾಪ್ಟನ್ ಆಗಿದ್ದವರು ಸರಣಿಯ ನಡುವೆಯೇ, ಆ ಪಂದ್ಯದ ಕೊನೆಯ ದಿನ, ಇನ್ನು ಸಾಕು ಎಂದರು. ಮೂವತ್ತೆಂಟು ವರ್ಷ. ತಮ್ಮ ಶರೀರದ ಲೆಕ್ಕ ತಮಗೇ ಗೊತ್ತು ಎನ್ನುವಂತಿತ್ತು.

ಜಿ.ಆರ್. ವಿಶ್ವನಾಥ್ ಅವರಿಗೆ ಈ ಭಾಗ್ಯ ಸಿಗಲಿಲ್ಲ. ಅವರು ಹುಟ್ಟಿದ್ದು ಭದ್ರಾವತಿಯಲ್ಲಿ, ಹಾಗಾಗಿ ನಮ್ಮ ಕಡೆಯ ಹಳಬರಿಗೆ ಅವರು ‘ನಮ್ಮ ವಿಶಿ’. 1969ರಲ್ಲಿ ಕಾನ್ಪುರದ ಮೊದಲ ಟೆಸ್ಟಿನಲ್ಲೇ ಸೊನ್ನೆ, ಆಮೇಲೆ 137. ಹದಿನಾಲ್ಕು ಟೆಸ್ಟ್ ಶತಕ. 1983ರ ಆರಂಭದಲ್ಲಿ ಪಾಕಿಸ್ತಾನ ಪ್ರವಾಸದ ಕರಾಚಿ ಟೆಸ್ಟ್ ಆಡಿದರು. ಅದೇ ಕೊನೆಯ ಟೆಸ್ಟ್ ಎಂದು ಆ ದಿನ ಯಾರೂ ಹೇಳಿರಲಿಲ್ಲ. ಮುಂದಿನ ಪಟ್ಟಿಯಲ್ಲಿ ಹೆಸರಿರಲಿಲ್ಲ, ಅದರ ಮುಂದಿನದರಲ್ಲೂ ಇರಲಿಲ್ಲ. ಅವರು ಗೊಣಗದೆ ಮತ್ತೂ ಕೆಲವು ವರ್ಷ ಕರ್ನಾಟಕಕ್ಕೆ ರಣಜಿ ಆಡಿಕೊಂಡಿದ್ದರು. ವಿಶಿಯ ಮಾತು ಬಂದಾಗ ನಮ್ಮಜ್ಜ, “ಒಂದು ಚಾ ಕುಡಿಸಿ ಕಳಿಸಬಹುದಿತ್ತು” ಎನ್ನುತ್ತಿದ್ದರು. ಆಗ ನಾನು ನಕ್ಕಿದ್ದೆ.

2015ರ ಜನವರಿಯಲ್ಲಿ ಶೃಂಗೇರಿ ಮಠದಲ್ಲಿ ಶಿಷ್ಯ ಸ್ವೀಕಾರ ನಡೆಯಿತು. ಹಿರಿಯ ಜಗದ್ಗುರುಗಳು ಪೀಠದಲ್ಲಿರುವಾಗಲೇ ತಮ್ಮ ಉತ್ತರಾಧಿಕಾರಿಗೆ ಸಂನ್ಯಾಸ ಕೊಟ್ಟು ಕೂರಿಸಿಕೊಳ್ಳುವ ಪದ್ಧತಿ ಅದು. ನಮ್ಮ ಊರಿನಿಂದಲೂ ಜೀಪು ಮಾಡಿಕೊಂಡು ಜನ ಹೋಗಿದ್ದರು. ಅದೇ ವಾರ ಗದ್ದೆಯಲ್ಲಿ ಆಡುವಾಗ ಚಿಕ್ಕಪ್ಪ ಸ್ಕೋರ್ ಪುಸ್ತಕವನ್ನು ನನ್ನ ಕೈಗಿಟ್ಟು, “ನಾನೂ ಶಿಷ್ಯ ಸ್ವೀಕಾರ ಮಾಡಿದೆ ಮಾರಾಯ, ಇನ್ಮೇಲೆ ಟೀಮ್ ಪಟ್ಟಿ ಬರೆಯೋದು ನೀನೇ” ಎಂದರು. ಎಲ್ಲರೂ ನಕ್ಕರು. ಹತ್ತನೇ ವಯಸ್ಸಿನಿಂದ ಸ್ಕೋರ್ ಬರೆಯುತ್ತಿದ್ದ ನನಗೆ ಅದು ಬಡ್ತಿ. ಕ್ಯಾಪ್ಟನ್ ಅವರೇ, ಪಟ್ಟಿ ಮಾತ್ರ ನನ್ನದು. ಮೊದಲ ಹೆಸರು ಯಾವಾಗಲೂ ಅವರದು. ಅದನ್ನು ಯೋಚನೆ ಮಾಡಿ ಬರೆಯುತ್ತಿರಲಿಲ್ಲ, ಪತ್ರದ ಮೇಲೆ ‘ಶ್ರೀ’ ಹಾಕುವ ಹಾಗೆ ಬರೆದು ಮುಂದೆ ಹೋಗುತ್ತಿದ್ದೆ.

ಶರೀರ ಒಂದೇ ದಿನದಲ್ಲಿ ಕೈಕೊಡುವುದಿಲ್ಲ. ಮೊದಲು ಅವರು ಪಾಯಿಂಟ್‌ನಿಂದ ಸ್ಲಿಪ್ಪಿಗೆ ಬಂದರು. ಟೆನ್ನಿಸ್ ಬಾಲಿನ ಆಟದಲ್ಲಿ ಸ್ಲಿಪ್ಪೆಂದರೆ ನಿಂತುಕೊಳ್ಳುವ ಜಾಗ. ಆಮೇಲೆ ಎರಡು ರನ್ನು ಓಡುವಲ್ಲಿ ಒಂದಕ್ಕೆ ನಿಲ್ಲತೊಡಗಿದರು. ಹುಡುಗರು ಈ ಲೆಕ್ಕವನ್ನೆಲ್ಲ ಇಟ್ಟುಕೊಳ್ಳುತ್ತಿದ್ದರು, ನಾನಂತೂ ಪುಸ್ತಕದಲ್ಲೇ ಬರೆಯುತ್ತಿದ್ದೆ. 2023ರ ಫೆಬ್ರವರಿಯಲ್ಲಿ ಶೃಂಗೇರಿ ಕಡೆಯ ಒಂದು ಹೊನಲು ಬೆಳಕಿನ ಪಂದ್ಯಾವಳಿಗೆ ಹೋಗಿದ್ದೆವು. ಕೊನೆಯ ಓವರಿನಲ್ಲಿ ಒಂದು ಕ್ಯಾಚು ಅವರ ತಲೆಯ ಮೇಲೇ ಬಂತು. ಬೆಳಕಿಗೆ ಕಣ್ಣು ಕಿರಿದು ಮಾಡಿ, ಕೈ ಚಾಚಿ ನಿಂತರು. ಚೆಂಡು ಅವರಿಂದ ಎರಡು ಮಾರು ಹಿಂದೆ ಬಿತ್ತು. ಮೈಕಿನಲ್ಲಿ ವಿವರಣೆ ಕೊಡುತ್ತಿದ್ದವನು, “ಹಿರಿಯ ಆಟಗಾರರು, ಪಾಪ” ಎಂದ. ಸೋತದ್ದಕ್ಕಿಂತ ಆ ‘ಪಾಪ’ ನಮ್ಮ ಹುಡುಗರಿಗೆ ಹೆಚ್ಚು ನಾಟಿತು.

ಬರುವಾಗ ಪಿಕಪ್ಪಿನ ಹಿಂದೆ ನಿಂತಿದ್ದ ಹುಡುಗರು ನನ್ನ ಕಡೆ ತಿರುಗಿದರು. “ನೀನೇ ಹೇಳು. ನೀನು ಓದಿದವನು, ಅಣ್ಣನ ಮಗ. ನೀನು ಹೇಳಿದ್ರೆ ಬೇಜಾರು ಮಾಡ್ಕೊಳ್ಳಲ್ಲ.” ನಾನು ಆಗತಾನೇ ಶಂಕರಘಟ್ಟದಲ್ಲಿ ಪಿಎಚ್‌ಡಿಗೆ ಸೇರಿದ್ದೆ. ಓದಿದವನಿಗೆ ಇಂಥ ಮಾತು ಹೇಳಲು ಬರುತ್ತದೆ ಎಂದು ಊರಿನವರು ತಿಳಿದಿರುತ್ತಾರೆ. ಚಿಕ್ಕಪ್ಪ ಮುಂದೆ ಡ್ರೈವರ್ ಪಕ್ಕ ಕುಳಿತು ಹಾಡು ಗುನುಗುತ್ತಿದ್ದರು. ಹಿಂದಿನ ಗಾಜಿನಲ್ಲಿ ಅವರ ತಲೆಯ ಬಿಳಿ ಕಾಣುತ್ತಿತ್ತು.

ಒಂದು ತಿಂಗಳು ಕಳೆಯಿತು. ನಾನು ಹೇಳಲಿಲ್ಲ. ಎರಡು ಸಲ ಊರಿಗೆ ಹೋದೆ, ಎರಡು ಸಲವೂ ಅವರ ಮನೆಯ ಜಗಲಿಯಲ್ಲಿ ಕೂತು ಅಡಿಕೆ ರೇಟು, ಕೊಳೆರೋಗ, ನನ್ನ ಫೆಲೋಶಿಪ್ಪು ಎಲ್ಲ ಮಾತಾಡಿ ಎದ್ದು ಬಂದೆ.

ಮಾರ್ಚಿನಲ್ಲಿ ನರಸಿಂಹರಾಜಪುರದ ಪಂದ್ಯ ಬಂತು. ಹಳಬರು ಈಗಲೂ ಎಡೇಹಳ್ಳಿ ಎನ್ನುವ ಊರು. ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ಹಿನ್ನೀರು ಅಲ್ಲಿಯವರೆಗೆ ಬಂದು ನಿಂತಿರುತ್ತದೆ. ಬೇಸಿಗೆಯಲ್ಲಿ ನೀರು ಇಳಿದಂತೆ ದಡದ ಬಯಲು ಬಿಟ್ಟುಕೊಳ್ಳುತ್ತದೆ. ಅಂಥ ಒಂದು ಬಯಲಿನಲ್ಲಿ ಶಾಮಿಯಾನ ಹಾಕಿದ್ದರು. ಸಂಘಟಕರು ಒಂದು ಫಾರಂ ಕೊಟ್ಟರು. ಹನ್ನೊಂದು ಗೆರೆ, ಕೆಳಗೆ ಎರಡು ಬದಲಿ ಆಟಗಾರರ ಗೆರೆ, ಅದರ ಕೆಳಗೆ ‘ತಂಡದ ಮ್ಯಾನೇಜರ್’ ಎಂದು ಇನ್ನೊಂದು ಗೆರೆ. ಅಷ್ಟು ವರ್ಷ ಆ ಗೆರೆಯನ್ನು ಖಾಲಿ ಬಿಡುತ್ತಿದ್ದೆವು. ಆ ದಿನ ನಾನು ಹನ್ನೊಂದು ಹೆಸರು ಬರೆದು, ಚಿಕ್ಕಪ್ಪನ ಹೆಸರನ್ನು ಅಲ್ಲಿ, ಮ್ಯಾನೇಜರ್ ಎಂಬ ಗೆರೆಯ ಮೇಲೆ ಬರೆದೆ.

ಬುದ್ಧಿವಂತಿಕೆ ಮಾಡಿದೆ ಎಂದೇ ಅನಿಸಿತ್ತು. ಬಾಯಿಬಿಟ್ಟು ಹೇಳುವ ಕಷ್ಟವಿಲ್ಲ, ಮರ್ಯಾದೆಯ ಸ್ಥಾನವೂ ಸಿಕ್ಕಿತು. ಚಿಕ್ಕಪ್ಪ ಬಂದವರು ಟೇಬಲಿನ ಮೇಲಿದ್ದ ಪಟ್ಟಿ ಓದಿದರು. ಕನ್ನಡಕ ಹಾಕಿಕೊಂಡು ಓದಿದರು, ಅಷ್ಟು ಹೊತ್ತು ಓದುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಆಮೇಲೆ “ಸರಿ” ಎಂದು ಕಿಟ್ ಬ್ಯಾಗಿನ ಜಿಪ್ಪು ಎಳೆದು ಬ್ಯಾಟುಗಳನ್ನು ಒಂದೊಂದಾಗಿ ಹೊರಗಿಟ್ಟರು. ತಮ್ಮದನ್ನು ಇಡಲಿಲ್ಲ. ನಮ್ಮ ಒಬ್ಬ ಆಟಗಾರನ ಬೈಕು ಪಂಕ್ಚರಾಗಿ ಅರ್ಧ ಗಂಟೆ ತಡವಾಯಿತು. ನೀವೇ ಇಳಿಯಿರಿ ಎಂದು ಹುಡುಗರೇ ಕರೆದರು. “ಪಟ್ಟಿ ಕೊಟ್ಟಾಗಿದೆ, ಅದರಲ್ಲಿ ಇದ್ದವನೇ ಆಡಬೇಕು” ಎಂದು ಶಾಮಿಯಾನದ ಕಂಬಕ್ಕೆ ಒರಗಿ ನಿಂತರು. ಗೆರೆಯ ಆಚೆ ಅವರ ವಯಸ್ಸಿನ ನಾಲ್ಕೈದು ಜನ ನಿಂತಿದ್ದರು. ಒಬ್ಬರನ್ನು ಗುರುತು ಹಿಡಿದೆ, ಚಿಕ್ಕಪ್ಪನ ಜೊತೆ ಹಿಂದೆ ಓಪನಿಂಗ್ ಬರುತ್ತಿದ್ದವರು. ಪೇಟೆಗೆ ಏನೋ ಕೆಲಸಕ್ಕೆ ಬಂದಿರಬೇಕು ಅಂದುಕೊಂಡೆ. ಪಂದ್ಯ ಗೆದ್ದೆವು.

ಅದಾದ ಮೇಲೆ ಚಿಕ್ಕಪ್ಪ ಆಡಲಿಲ್ಲ. ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಹುಡುಗರು ನನ್ನನ್ನು ಹೊಗಳಿದರು.

ಸಂಶೋಧನೆ ಮಾಡುವವರು ತಮ್ಮ ವಿಷಯ ಬಿಟ್ಟು ಉಳಿದದ್ದನ್ನೆಲ್ಲ ಶ್ರದ್ಧೆಯಿಂದ ಓದುತ್ತಾರೆ. ಹಾಸ್ಟೆಲಿನ ಒಂದು ರಾತ್ರಿ ನಾನು ಅಮೆರಿಕದ ಬೇಸ್‌ಬಾಲ್ ಬಗ್ಗೆ ಓದುತ್ತ ಕುಳಿತಿದ್ದೆ. ಅಲ್ಲಿ ತಂಡದ ಮ್ಯಾನೇಜರ್ ಎಂದರೆ ಬ್ಯಾಟಿನ ಚೀಲ ಕಾಯುವವನಲ್ಲ. ಯಾರು ಆಡಬೇಕು, ಯಾರು ಕೂರಬೇಕು ಎಂದು ಪಟ್ಟಿ ಬರೆಯುವವನೇ ಅವನು. ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ಎಂಬ ತಂಡಕ್ಕೆ ಕಾನಿ ಮ್ಯಾಕ್ 1901ರಿಂದ 1950ರವರೆಗೆ, ಐವತ್ತು ಋತು, ಮ್ಯಾನೇಜರ್ ಆಗಿದ್ದ. ಆಟಗಾರರ ಉಡುಪಿನ ಬದಲು ಸೂಟು ಹಾಕಿಕೊಂಡೇ ಕೂರುತ್ತಿದ್ದ. ಬಿಟ್ಟಾಗ ಅವನಿಗೆ ಎಂಬತ್ತೇಳು. ತಂಡದ ಮಾಲೀಕರಲ್ಲಿ ಅವನೂ ಒಬ್ಬ, ಹೇಳುವವರು ಯಾರು? ಕಿಟ್ ಬ್ಯಾಗು ಯಾರ ಮನೆಯ ಅಟ್ಟದಲ್ಲಿದೆಯೋ ಅವನಿಗೆ ಔಟಿಲ್ಲ ಎಂಬ ನಮ್ಮೂರಿನ ನಿಯಮ ಅಲ್ಲಿಯೂ ಇತ್ತೆಂದು ನಗು ಬಂತು.

ನಗು ನಿಂತದ್ದು ಲೂ ಗೆರಿಗ್ ಕಥೆ ಬಂದಾಗ. ನ್ಯೂಯಾರ್ಕ್ ಯಾಂಕೀಸ್ ತಂಡದ ಕ್ಯಾಪ್ಟನ್. ಒಂದೂ ತಪ್ಪಿಸದೆ ಸತತ 2,130 ಪಂದ್ಯ ಆಡಿದವನು. 1939ರಲ್ಲಿ ಅವನ ಕೈಕಾಲಿನ ಬಲ ಕುಗ್ಗತೊಡಗಿತು. ಸ್ನಾಯುಗಳನ್ನು ತಿನ್ನುವ ವಾಸಿಯಾಗದ ಕಾಯಿಲೆ ಎಂದು ಗೊತ್ತಾದದ್ದು ಆಮೇಲೆ. ಮ್ಯಾನೇಜರ್ ಜೋ ಮೆಕಾರ್ತಿಗೆ ಎಲ್ಲ ಕಾಣುತ್ತಿತ್ತು. ಆದರೂ ಅವನ ಹೆಸರು ತೆಗೆಯಲಿಲ್ಲ, ಅವನೇ ಹೇಳಲಿ ಎಂದು ಕಾದ. ಮೇ 2ರಂದು ಡೆಟ್ರಾಯಿಟ್‌ನಲ್ಲಿ ಗೆರಿಗ್ ತಾನಾಗಿ ಬಂದು, ಇವತ್ತು ನನ್ನನ್ನು ಬಿಡಿ ಎಂದ. ಆಮೇಲೆ ಕ್ಯಾಪ್ಟನ್ ಆಗಿ, ತನ್ನ ಹೆಸರಿಲ್ಲದ ಪಟ್ಟಿಯನ್ನು ತಾನೇ ಹಿಡಿದುಕೊಂಡು ಅಂಪೈರುಗಳ ಬಳಿ ನಡೆದು ಹೋಗಿ ಕೊಟ್ಟ.

ನಾನು ಕಂಪ್ಯೂಟರ್ ಮುಚ್ಚಿದೆ. ಅಲ್ಲಿಯೂ ಒಂದು ಪಟ್ಟಿ, ಅದರಲ್ಲೂ ಇರಬೇಕಾದ ಹೆಸರಿಲ್ಲ. ಆದರೆ ಆ ಹಾಳೆ ಯಾರ ಕೈಯಲ್ಲಿತ್ತು ಎನ್ನುವುದು ಬೇರೆ.

ಉಳಿದದ್ದು ಗೊತ್ತಾದದ್ದು ಚಿಕ್ಕಮ್ಮನಿಂದ. 2024ರ ಜೂನ್ 29ರ ರಾತ್ರಿ, ಬಾರ್ಬಡೋಸ್‌ನಲ್ಲಿ ಟಿ20 ವಿಶ್ವಕಪ್ ಫೈನಲ್. ಹೊರಗೆ ಮಳೆ, ಯಾವ ಕ್ಷಣದಲ್ಲೂ ಕರೆಂಟು ಹೋಗಬಹುದೆಂಬ ಭಯ. ಅದು ಭಾರತ ತಂಡದ ಕೋಚ್ ಆಗಿ ದ್ರಾವಿಡ್‌ಗೆ ಕೊನೆಯ ಪಂದ್ಯ, ಮುಂದುವರಿಯುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದರು. ಗೆದ್ದ ಮೇಲೆ ಕೊಹ್ಲಿ ಕಪ್ ತಂದು ಅವರ ಕೈಗಿಟ್ಟಾಗ, ಯಾವತ್ತೂ ದನಿ ಏರಿಸದ ಆ ಮನುಷ್ಯ ಗಂಟಲು ಬಿಟ್ಟು ಕೂಗಿದರು. ಚಿಕ್ಕಪ್ಪ ಸೋಫಾದ ಮೇಲೆ ಎದ್ದು ನಿಂತು ತಾವೂ ಕೂಗಿದರು. ಆಮೇಲೆ ಮುಖ ಒರೆಸಿಕೊಂಡು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಚಿಕ್ಕಮ್ಮ ದೋಸೆ ಹಾಕುತ್ತ ಹೇಳಿದರು, “ಇವರೂ ಅವತ್ತು ಎಡೇಹಳ್ಳಿಲಿ ಕೊನೇ ಮ್ಯಾಚು ಆಡ್ತೀನಿ ಅಂತ ಹಳೇ ಟೀಮಿನವರಿಗೆಲ್ಲ ಫೋನ್ ಮಾಡಿ ಕರೆದಿದ್ರು. ಹೊಸ ಬೂಟು ತಗೊಂಡಿದ್ರು. ಶೃಂಗೇರಿಯಿಂದ ಬಂದ ರಾತ್ರಿನೇ ಹೇಳಿದ್ರು ನಂಗೆ, ಇನ್ನೊಂದೇ ಮ್ಯಾಚು ಅಂತ. ಏನಾಯ್ತೋ, ಆಡಲೇ ಇಲ್ವಂತಲ್ಲ. ನಿಂಗೂ ಹೇಳಿರ್ಲಿಲ್ವಾ?”

ದೋಸೆ ಗಂಟಲಲ್ಲಿ ಇಳಿಯಲಿಲ್ಲ. ಗೆರೆಯಾಚೆ ನಿಂತಿದ್ದ ಆ ನಾಲ್ಕೈದು ಜನ ಪೇಟೆಗೆ ಕೆಲಸಕ್ಕೆ ಬಂದವರಾಗಿರಲಿಲ್ಲ. ಚಿಕ್ಕಪ್ಪ ತಮ್ಮ ಲೆಕ್ಕ ತಾವೇ ಮಾಡಿ ಮುಗಿಸಿದ್ದರು. ನಮ್ಮ ಹುಡುಗರು ಪಿಕಪ್ಪಿನ ಹಿಂದೆ ನಿಂತು ತೀರ್ಮಾನಿಸಿದ್ದನ್ನು ಅವರು ಮುಂದಿನ ಸೀಟಿನಲ್ಲಿ ಹಾಡು ಗುನುಗುತ್ತಲೇ ತೀರ್ಮಾನಿಸಿದ್ದರು. ನಮಗೂ ಅವರಿಗೂ ಇದ್ದ ವ್ಯತ್ಯಾಸ ಒಂದೇ ಒಂದು ಪಂದ್ಯದ್ದು. ಅದನ್ನು ನಾನು ಒಂದು ಗೆರೆ ಕೆಳಗೆ ಬರೆದು ಕಸಿದುಕೊಂಡಿದ್ದೆ.

ಇಲ್ಲಿ ನನ್ನನ್ನು ನಾನು ಸಮರ್ಥಿಸಿಕೊಳ್ಳಬಹುದು. ತಂಡ ದೊಡ್ಡದು, ಕ್ಯಾಚ್ ಬಿದ್ದದ್ದು ನಿಜ, ಯಾರಾದರೂ ಪಟ್ಟಿ ಬರೆಯಲೇಬೇಕು. 2004ರಲ್ಲಿ ಮುಲ್ತಾನ್‌ನಲ್ಲಿ ತೆಂಡೂಲ್ಕರ್ 194ರಲ್ಲಿದ್ದಾಗ ಡಿಕ್ಲೇರ್ ಮಾಡಿದ ಹಂಗಾಮಿ ಕ್ಯಾಪ್ಟನ್ ನಮ್ಮ ದ್ರಾವಿಡ್ಡೇ ಅಲ್ಲವೇ? ಭಾರತ ಆ ಪಂದ್ಯ ಇನ್ನಿಂಗ್ಸ್ ಅಂತರದಲ್ಲಿ ಗೆದ್ದಿತು. ಆದರೆ ದ್ರಾವಿಡ್ ಆಟ ನಿಲ್ಲಿಸಿದ್ದು ಎಲ್ಲರೂ ನೋಡುತ್ತಿದ್ದಾಗ, ಮುಖಕ್ಕೆ ಮುಖ ಕೊಟ್ಟು. ಸಿಟ್ಟು ಮಾಡಿಕೊಳ್ಳಲು ತೆಂಡೂಲ್ಕರ್‌ಗೆ ಒಬ್ಬ ಮನುಷ್ಯ ಎದುರಿಗಿದ್ದ. ನಾನು ಚಿಕ್ಕಪ್ಪನಿಗೆ ಅದನ್ನೂ ಉಳಿಸಿರಲಿಲ್ಲ, ಬರೀ ಒಂದು ಫಾರಂ ಇಟ್ಟಿದ್ದೆ. ಅವರಿಗೆ ನೋವಾಗಬಾರದೆಂದು ಹಾಗೆ ಮಾಡಿದೆ ಎಂದು ಬಹಳ ದಿನ ನಂಬಿದ್ದೆ. ಹೇಳುವ ನೋವು ನನಗಾಗಬಾರದು ಎನ್ನುವುದೇ ನಿಜವಾದ ಕಾರಣ.

ಕಳೆದ ಜನವರಿಯಲ್ಲಿ ಗದ್ದೆಯಲ್ಲಿ ಗೆರೆ ಎಳೆಯಲು ಚಿಕ್ಕಪ್ಪನ ಜೊತೆ ಹೋಗಿದ್ದೆ. ಪಕ್ಕದ ತೋಟದಲ್ಲಿ ಕೊನೆ ತೆಗೆಯುತ್ತಿದ್ದರು. ಮೊದಲೆಲ್ಲ ನಮ್ಮ ತೋಟಕ್ಕೆ ಬರುತ್ತಿದ್ದ ಕೊನೆಗಾರರು ನಮ್ಮ ತಂಡದ ಕೀಪರ್ ಕೂಡ ಆಗಿದ್ದರು. ಒಂದು ಮರದ ತುದಿಯಿಂದ ಇನ್ನೊಂದಕ್ಕೆ ಜೀಕಿ ಹೋಗುತ್ತಿದ್ದ ಕೈಗೆ ಚೆಂಡು ತಪ್ಪುತ್ತಿರಲಿಲ್ಲ. ಅವರು ಮರ ಹತ್ತುವುದು ಬಿಟ್ಟು ಕೆಲವು ವರ್ಷವಾಯಿತು. ಈಗ ಅವರ ಮಗ ನೆಲದ ಮೇಲೆ ನಿಂತು ಉದ್ದದ ಫೈಬರ್ ದೋಟಿಯಲ್ಲಿ ಕೊನೆ ಇಳಿಸುತ್ತಾನೆ, ಅವರು ಕೆಳಗೆ ಬಲೆ ಹಿಡಿಯುತ್ತಾರೆ.

ಎರಡು ವರ್ಷದಿಂದ ಬಾಯಲ್ಲೇ ಇಟ್ಟುಕೊಂಡಿದ್ದ ಮಾತನ್ನು ಹೇಗೋ ಹೊರಗೆ ಹಾಕಿದೆ. “ಚಿಕ್ಕಪ್ಪ, ಅವತ್ತು ಎಡೇಹಳ್ಳಿಯಲ್ಲಿ ನಾನು ಮಾಡಿದ್ದು ತಪ್ಪು.”

ಅವರು ಸುಣ್ಣದ ಡಬ್ಬಿ ಕೆಳಗಿಟ್ಟರು. ತೋಟದ ಕಡೆ ನೋಡುತ್ತ ಹೇಳಿದರು: “ಅವನು ಮರ ಬಿಟ್ಟಿದ್ದು ಹೇಗೆ ಗೊತ್ತಾ? ಒಂದಿನ ಅರ್ಧ ಮರ ಹತ್ತಿದವನು ಅಲ್ಲೇ ನಿಂತ. ನಾನು ಕೆಳಗಿದ್ದೆ. ಕೈ ನಡುಗೋದು ಕಾಣ್ತಿತ್ತು. ಇಳಿಯೋ ಅನ್ನೋಣ ಅಂತ ಬಾಯಿಗೆ ಬಂತು, ಅನ್ನಲಿಲ್ಲ. ‘ಎಂತ ಮಾಡ್ತೀಯೋ?’ ಅಂತ ಕೇಳಿದೆ ಅಷ್ಟೆ. ಸ್ವಲ್ಪ ಹೊತ್ತು ಬಿಟ್ಟು, ‘ಸಾಕು ಮಾರಾಯ, ಇಳೀತೀನಿ’ ಅಂದ. ಇಳಿದ. ಕೂತು ಎಲೆಅಡಿಕೆ ಹಾಕಿದ್ವಿ.” ಸ್ವಲ್ಪ ತಡೆದು ಸೇರಿಸಿದರು, “ನೀನೂ ಕೇಳಬಹುದಿತ್ತು.”

ಅಷ್ಟೇ. ಬೈಯಲಿಲ್ಲ, ಪರವಾಗಿಲ್ಲ ಬಿಡು ಎಂದೂ ಹೇಳಲಿಲ್ಲ. ಒಂದು ಓವರ್ ಆಡ್ತೀರಾ, ಹುಡುಗರನ್ನು ಕರೀತೀನಿ ಎಂದೆ. “ಬೇಡ ಕಣೋ, ಅದೆಲ್ಲ ಆಯ್ತು” ಎಂದರು. ಆಗಿಹೋದ ಪಂದ್ಯವನ್ನು ಮತ್ತೆ ಆಡಿಸಲು ಆಗುವುದಿಲ್ಲವೆಂದು ನನಗಿಂತ ಚೆನ್ನಾಗಿ ಅವರಿಗೆ ಗೊತ್ತು.

ಅಭಿನಂದನಾ ಗ್ರಂಥದ ಲೇಖನ ಇನ್ನೂ ಮುಗಿದಿಲ್ಲ. ಹೋದ ವಾರ ಸಮಾರಂಭದ ಕರಡು ಆಮಂತ್ರಣ ನನ್ನ ಕೈಗೆ ಬಂತು. ದಿನಾಂಕ, ಅತಿಥಿಗಳು, ಸರ್ ಕೊನೆಯ ತರಗತಿ ಯಾವ ವಿಷಯದ ಮೇಲೆ ಎನ್ನುವುದು ಸಹ ನಾವೇ ನಿರ್ಧರಿಸಿ ಅಚ್ಚಿಗೆ ಕಳಿಸುವುದಿತ್ತು. ಕಳಿಸುವ ಮೊದಲು ಸರ್ ಕೋಣೆಯ ಬಾಗಿಲು ತಟ್ಟಿದೆ. “ಕೊನೆಯ ಕ್ಲಾಸು ಯಾವುದರ ಮೇಲೆ ಮಾಡ್ತೀರಿ ಸರ್?” ಎಂದು ಕೇಳಿದೆ. ಅವರು ಕಿಟಕಿ ಕಡೆ ನೋಡುತ್ತ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ಕೂತ್ಕೋ, ಹೇಳ್ತೀನಿ ಎಂದು ಕುರ್ಚಿ ತೋರಿಸಿದರು.